ಸಂತೋಷಕ್ಕೊಂದು ವಾರ

ನಮ್ಮ ಶಿಗ್ಲಿ ಕಡೆ ಹಳೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಸೋಮವಾರ ಬಸವಣ್ಣನ ವಾರ. ಹೊಲ ಹದಕ್ಕೆ ಬಂದಿರಲಿ, ಬಿತ್ತಿಗೆ ತಡವಾಗಿರಲಿ, ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತಿರಲಿ, ಆ ದಿನ ಎತ್ತಿನ ಮೈ ತೊಳೆದು, ಗಂಗೆದೊಗಲು ತುರಿಸಿ, ಮೇವು ಹಾಕಿ ನೆರಳಿಗೆ ಕಟ್ಟುತ್ತಾರೆ. ಗದಗ, ಧಾರವಾಡ, ಹಾವೇರಿ ಸೀಮೆಯ ಎಷ್ಟೋ ಊರುಗಳಲ್ಲಿ ಈ ಪದ್ಧತಿ ಇದೆ. ವಾರದ ಕೆಲಸ ಮುಗಿಯಿತೇ ಎಂದು ಎತ್ತನ್ನು ಯಾರೂ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂದು ಇಟ್ಟಿದ್ದರೆ ಆ ಮೂಕ ಜೀವಕ್ಕೆ ಸಾಯುವತನಕ ವಿಶ್ರಾಂತಿ ಸಿಗುತ್ತಿರಲಿಲ್ಲ. ಹೊಲದ ಕೆಲಸ ಮುಗಿಯುವಂಥದೇ ಅಲ್ಲವಲ್ಲ. ಹಿರಿಯರು ಇದನ್ನು ತಿಳಿದೇ ದಿನ ಗೊತ್ತು ಮಾಡಿಟ್ಟರು.

ಎತ್ತಿಗೆ ಸೋಮವಾರ ಇದೆ. ಮನೆಯವರು ಕೂಡಿ ನಲಿಯುವುದಕ್ಕೆ ಯಾವ ವಾರ ಇದೆ? ಇವತ್ತು ನಾನು ಮಾತಾಡಬೇಕೆಂದಿರುವುದು ಇದನ್ನೇ.

ಸಂತೋಷ ತಾನಾಗಿ ಬರಬೇಕು, ಹೊತ್ತು ಗೊತ್ತು ಮಾಡಿ ಕರೆದರೆ ಅದು ನಾಟಕವಾಗುತ್ತದೆ ಎಂದು ಓದಿದ ಹುಡುಗರು ನನಗೆ ಹೇಳುವುದುಂಟು. ನಾನು ಒಪ್ಪುವುದಿಲ್ಲ. ನಮ್ಮ ಸೀಮೆಯ ಜನ ಮಳೆ ನಂಬಿ ಬದುಕಿದವರು. ತಾನಾಗಿ ಬರುವುದರ ಭರವಸೆ ಎಷ್ಟು ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ನಲಿವನ್ನು ಅವರು ಪಂಚಾಂಗಕ್ಕೆ ಕಟ್ಟಿಬಿಟ್ಟರು. ಕಾರಹುಣ್ಣಿಮೆಗೆ ಎತ್ತುಗಳ ಸಿಂಗಾರ, ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳ ಕೈಯಲ್ಲಿ ಮಣ್ಣಿನ ಜೋಡೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಹುಡುಗಿಯರು ಊರ ಹೊರಗೆ ಹೋಗಿ ಉಣ್ಣುವ ಬುತ್ತಿ, ಶ್ರಾವಣದಲ್ಲಿ ಪಂಚಮಿ, ಮುಂದೆ ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಮಳೆ ಕೈಕೊಟ್ಟ ವರ್ಷವೂ ಇವೆಲ್ಲ ಬಂದೇ ಬರುತ್ತಿದ್ದವು. ಹೋಳಿಗೆಗೆ ಬೆಲ್ಲ ಕಡಿಮೆಯಾಗುತ್ತಿತ್ತು, ಹಬ್ಬ ತಪ್ಪುತ್ತಿರಲಿಲ್ಲ.

ಇವುಗಳಲ್ಲಿ ಎಳ್ಳಮಾಸಿಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಅಮಾವಾಸ್ಯೆ ಅದು. ಎರಿಹೊಲದಲ್ಲಿ ಆಗ ಹಿಂಗಾರಿ ಪೀಕು ನಿಂತಿರುತ್ತದೆ: ಬಿಳಿಜೋಳ, ಕಡಲೆ, ಕುಸುಬಿ, ಅಲ್ಲಲ್ಲಿ ಗೋಧಿ. ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರನ್ನದ ಬುತ್ತಿ ಎಲ್ಲ ಸಿದ್ಧವಾಗುತ್ತವೆ. ಬುಟ್ಟಿ ತುಂಬಿ, ಮೇಲೆ ಬಿಳಿ ಅರಿವೆ ಹೊದಿಸಿ, ಬಂಡಿ ಹೂಡಿ ಹೊಲಕ್ಕೆ ಹೊರಡುತ್ತಾರೆ. ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಹುಡುಕಿ ತಂದು ಸುಣ್ಣ ಹಚ್ಚಿ ನಿಲ್ಲಿಸಿದರೆ ಅವೇ ಪಂಚಪಾಂಡವರು. ಪೂಜೆಯಾದ ಮೇಲೆ ಒಬ್ಬರು ಹೊಲದ ಸುತ್ತ ಚರಗ ಚೆಲ್ಲುತ್ತ ಕೂಗುತ್ತ ಹೋಗುತ್ತಾರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಭೂಮಿತಾಯಿ ಉಂಡ ಮೇಲೆ ನಮ್ಮ ಊಟ.

ಈ ಹಬ್ಬದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಮನೆಗೆ ಕೀಲಿ ಹಾಕುವುದು. ಅದೇ ಅಡುಗೆಯನ್ನು ಮನೆಯಲ್ಲೇ ಉಂಡಿದ್ದರೆ ಏನಾಗುತ್ತಿತ್ತು ನೋಡಿರಿ. ಅಪ್ಪ ಉಂಡು ಕಟ್ಟೆಗೆ ಹೋಗುತ್ತಿದ್ದ, ಮಕ್ಕಳು ಓಣಿಗೆ ಓಡುತ್ತಿದ್ದರು, ಅವ್ವ ಒಲೆಯ ಮುಂದೆ ಬಿಸಿ ಬಿಸಿ ಮಾಡಿ ಕೊಡುತ್ತ ಎಲ್ಲರದೂ ಆದ ಮೇಲೆ ತಣ್ಣಗಾದದ್ದನ್ನು ಉಣ್ಣುತ್ತಿದ್ದಳು. ಹೊಲದಲ್ಲಿ ಒಲೆಯೇ ಇಲ್ಲ. ತಂದದ್ದಷ್ಟೇ ಇದೆ. ಬಿಸಿ ಮಾಡುವ ಹಾಗಿಲ್ಲ, ಮತ್ತೊಂದು ಬಡಿಯುವ ಹಾಗಿಲ್ಲ. ಅವ್ವ ಕೂಡಲೇಬೇಕು. ವರ್ಷವೆಲ್ಲ ಕಳೆ ಕಿತ್ತ, ಬೆವರು ಸುರಿಸಿದ ಅದೇ ಹೊಲದಲ್ಲಿ ಆ ಒಂದು ದಿನ ಕೈಯಲ್ಲಿ ಕುರ್ಪಿ ಇಲ್ಲದೆ ಅವಳು ಕಾಲು ಚಾಚಿ ಕೂಡುತ್ತಾಳೆ. ಗಂಡ-ಹೆಂಡಿರು ಮಕ್ಕಳ ನಡುವೆ ಕುಳಿತು ಒಂದೇ ಹೊತ್ತಿಗೆ ಉಣ್ಣುವ ಊಟ ಎಷ್ಟೋ ಮನೆಗಳಲ್ಲಿ ವರ್ಷಕ್ಕೆ ಅದೊಂದೇ ಇರುತ್ತಿತ್ತು. ಈ ಕಟ್ಟಳೆ ಮಾಡಿದವರು ಯಾರೋ, ಮನೆಯ ಹೆಣ್ಣುಮಕ್ಕಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ನಾವು ನೇಕಾರರು. ನಮಗೆ ಹೊಲವಿಲ್ಲ. ಆದರೂ ಎಳ್ಳಮಾಸಿ ನಮಗೆ ತಪ್ಪಲಿಲ್ಲ. ಹೊಲವಿದ್ದವರು ಹೊಲವಿಲ್ಲದವರನ್ನು ಕರೆಯುವುದು ಆ ಹಬ್ಬದ ರೀತಿ. ಹಿಂದಿನ ದಿನವೇ ಬಾಗಿಲಿಗೆ ಬಂದು, "ಯಕ್ಕಾ, ನಾಳೆ ಎಲ್ಲಾರೂ ಬರ್‍ರಿ, ಹುಡುಗರನ್ನ ಬಿಟ್ಟು ಬರಬ್ಯಾಡ್ರಿ" ಎಂದು ಹೇಳಿ ಹೋಗುತ್ತಿದ್ದರು. ನಾವು ರೊಟ್ಟಿ ಒಯ್ಯುತ್ತಿದ್ದೆವು, ಅವರು ಹೋಳಿಗೆ ಇಕ್ಕುತ್ತಿದ್ದರು.

ಮನೆ ಬಿಟ್ಟು ಹೊರಗೆ ಹೋಗಿ ಉಣ್ಣುವ ಇಂಥದೇ ಒಂದು ಕಟ್ಟಳೆ ದೂರದ ಇರಾನ್ ದೇಶದಲ್ಲೂ ಇದೆ. ಅಲ್ಲಿಯ ಹೊಸ ವರ್ಷ ನವ್‍ರೋಜ್. ಅದರ 13ನೆಯ ದಿನ ಯಾರೂ ಮನೆಯೊಳಗೆ ಇರಬಾರದು, ಇದ್ದರೆ ಒಳ್ಳೆಯದಲ್ಲ ಎಂಬ ನಂಬಿಕೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ತೋಟಕ್ಕೆ, ಹಳ್ಳದ ದಂಡೆಗೆ ಹೋಗುತ್ತದೆ. ಹಬ್ಬಕ್ಕೆಂದು ಮನೆಯಲ್ಲಿ ಬೆಳೆಸಿದ ಹಸಿರು ಸಸಿಗಳನ್ನು ಹರಿಯುವ ನೀರಿಗೆ ಬಿಡುತ್ತಾರೆ. ಅಷ್ಟು ದೂರದ ಜನಕ್ಕೂ ನಮಗೂ ಹೊಳೆದದ್ದು ಒಂದೇ ಉಪಾಯ: ಮನೆಯವರು ಕೂಡಿ ನಲಿಯಬೇಕಾದರೆ ಮನೆಗೆಲಸ ಕಣ್ಣಿಗೆ ಬೀಳದ ಕಡೆ ಹೋಗಬೇಕು.

ಇನ್ನು ಪಂಚಮಿ. ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ತವರುಮನೆಯ ಜಂತಿಗೆ ಜೋಕಾಲಿ ಕಟ್ಟಿರಬೇಕು. ರೊಟ್ಟಿ ಪಂಚಮಿಯ ದಿನ ಒಂದು ಮನೆಯ ರೊಟ್ಟಿ-ಪಲ್ಯ ಇನ್ನೊಂದು ಮನೆಗೆ ಹೋಗುತ್ತದೆ. ಮರುದಿನದಿಂದ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು. ಹುಡುಗರ ಕೈಯಲ್ಲಿ ದಾರ ಕಟ್ಟಿದ ಕೊಬ್ಬರಿ ಬಟ್ಟಲು ಗಿರಗಿರ ತಿರುಗುತ್ತದೆ. ಗಂಡಸರು ನಿಂಬೆಹಣ್ಣು ಒಗೆಯುವ ಪಂದ್ಯಕ್ಕೆ ನಿಲ್ಲುತ್ತಾರೆ. ಅತ್ತೆಮನೆಯಲ್ಲಿ ತಲೆ ಮೇಲೆ ಸೆರಗು ಸರಿಪಡಿಸಿಕೊಳ್ಳುತ್ತ ಓಡಾಡುವ ಮೂರು ಮಕ್ಕಳ ತಾಯಿ ತವರಿನ ಜೋಕಾಲಿಯಲ್ಲಿ ನಿಂತು ಜೀಕುತ್ತಾಳೆ, ಗಟ್ಟಿಯಾಗಿ ನಗುತ್ತಾಳೆ. ಇದೇನು ವಯಸ್ಸಾದವಳು ಹೀಗೆ ಎಂದು ಯಾರೂ ಅನ್ನುವುದಿಲ್ಲ. ಆ ದಿನ ಅದು ಅವಳ ಹಕ್ಕು. ಅಪ್ಪಣೆ ಕೇಳಿ ಪಡೆಯಬೇಕಾದ ಸಂತೋಷವಾಗಿದ್ದರೆ ಅರ್ಧಕ್ಕರ್ಧ ಹೆಂಗಸರಿಗೆ ಸಿಗುತ್ತಲೇ ಇರಲಿಲ್ಲ. ತಿಥಿಯೇ ಕೊಡಿಸಿದ್ದರಿಂದ ಸಿಕ್ಕಿತು.

ಆದರೆ ವರ್ಷಕ್ಕೊಮ್ಮೆ ಬರುವ ಹಬ್ಬದಿಂದ ದಿನದ ಬಾಳುವೆ ತುಂಬುವುದಿಲ್ಲ. ಅದಕ್ಕೆ ನಾನು ಮಗ್ಗದ ಮಾತಿಗೆ ಬರುತ್ತೇನೆ.

ಶಿಗ್ಲಿ ಒಕ್ಕಲಿಗರ ಊರು ಹೌದು, ನೇಕಾರರ ಊರೂ ಹೌದು. ನಾನು ಹುಟ್ಟಿ ಬೆಳೆದದ್ದು ಕುಣಿಮಗ್ಗದ ಮನೆಯಲ್ಲಿ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಮೇಲೆ ಅವನ ಅರ್ಧ ಮೈ ಮಾತ್ರ ಕಾಣುತ್ತಿತ್ತು. ಅವ್ವ, ನಾವು ಮಕ್ಕಳು, ಮಗ್ಗುಲಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದೆವು. ಮನೆಯ ದೊಡ್ಡ ಜಾಗ ಮಗ್ಗಕ್ಕೆ, ಉಳಿದದ್ದು ನಮಗೆ. ಮಜೂರಿ ಸೀರೆಯ ಲೆಕ್ಕದಲ್ಲಿ. ಲಾಳಿ ನಿಂತಷ್ಟು ಹೊತ್ತು ದುಡಿಮೆಯೂ ನಿಂತಂತೆ.

ಆದರೂ ಆ ಕೆಲಸದೊಳಗೆ ಮಾತಿಗೆ ಎಡೆ ಇತ್ತು. ಕೈಮಗ್ಗದ ಸದ್ದು ಮನುಷ್ಯರ ದನಿಯನ್ನು ನುಂಗುವಂಥದಲ್ಲ. ಲಾಳಿ ಆಚೆಯಿಂದ ಈಚೆಗೆ ಬರುವಷ್ಟರಲ್ಲಿ ಅಪ್ಪ ಒಂದು ಒಗಟು ಹೇಳುತ್ತಿದ್ದ, ಅಮ್ಮ ಎಂದು ನಾವು ಕರೆಯುತ್ತಿದ್ದ ಅಜ್ಜಿ ಮೂಲೆಯಲ್ಲಿ ಕುಳಿತು ಹಾಡುತ್ತಿದ್ದಳು. ಗೋಡೆಯ ಮಾಡದಲ್ಲಿ ರೇಡಿಯೋ ಇತ್ತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ನಿಲಯದ ದನಿ ಎಷ್ಟೋ ನೇಕಾರರ ಮನೆಗಳಲ್ಲಿ ಮಗ್ಗದ ಜೊತೆಗೇ ಕೇಳಿಸುತ್ತಿತ್ತು. ವಾರ್ತೆ ಬಂದಾಗ ಕೆಲಸ ಮುಂದುವರಿಯುತ್ತಿತ್ತು, ನಾಟಕ ಬಂದಾಗ ಲಾಳಿ ತಾನಾಗಿ ನಿಧಾನವಾಗುತ್ತಿತ್ತು. ಕೆಲಸ ಬೇರೆ, ನಲಿವು ಬೇರೆ ಎಂದು ನಾವು ಭಾಗ ಮಾಡಿರಲಿಲ್ಲ.

ಆಮೇಲೆ ವಿದ್ಯುತ್ ಮಗ್ಗ ಬಂತು. ಅದನ್ನು ನಾನು ದೂರುವವಳಲ್ಲ. ಅಪ್ಪನ ಮೊಣಕಾಲು ನೋವು ನೋಡಿದವಳು ನಾನು, ಕುಣಿಯಲ್ಲಿ ಕುಳಿತು ಸವೆದ ನಡವನ್ನು ನೋಡಿದವಳು. ಯಂತ್ರ ಬಂದು ದೇಹಕ್ಕೆ ಬಿಡುವು ಸಿಕ್ಕಿತು, ಬಟ್ಟೆ ಹೆಚ್ಚಾಯಿತು. ಆದರೆ ಅದರ ಸದ್ದಿನಲ್ಲಿ ಒಗಟು ಹೇಳಲು ಬರುವುದಿಲ್ಲ. ರೇಡಿಯೋ ಕೇಳಿಸುವುದಿಲ್ಲ. ಒಂದೇ ಕೋಣೆಯಲ್ಲಿರುವ ಗಂಡ-ಹೆಂಡತಿ ಕೈಸನ್ನೆಯಲ್ಲಿ ಮಾತಾಡುತ್ತಾರೆ. ಊಟಕ್ಕೆ ಸರದಿಯ ಮೇಲೆ ಏಳುತ್ತಾರೆ, ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಗ್ಗದ ಮುಂದೆ. ಕೆಲಸದೊಳಗೆ ಹಾಸುಹೊಕ್ಕಾಗಿದ್ದ ಮಾತು ಹೊರಗೆ ಬಿತ್ತು. ಹೊರಗೆ ಅದಕ್ಕೆ ಯಾರೂ ಜಾಗ ಮಾಡಿಡಲಿಲ್ಲ.

ಹಾಗಾದರೆ ಆ ಮನೆಗಳಲ್ಲಿ ಎಲ್ಲರೂ ಕೂಡಿ ಕೂಡುವುದು ಯಾವಾಗ? ಕರೆಂಟ್ ಹೋದಾಗ. ನಮ್ಮ ಓಣಿಯಲ್ಲಿ ಕರೆಂಟ್ ಹೋಯಿತೆಂದರೆ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ, ಮನೆಗಳ ಬಾಗಿಲಿಗೆ ಜನ ಬರುತ್ತಾರೆ, ಕಟ್ಟೆ ತುಂಬುತ್ತದೆ. ಶೇಂಗಾ ಬರುತ್ತದೆ, ಚಹಾ ಬರುತ್ತದೆ, ತಂದೆಯ ತೊಡೆಯ ಮೇಲೆ ಮಗು ಬರುತ್ತದೆ. ಒಂದು ಸಂಜೆ ಎದುರುಮನೆಯ ಸಣ್ಣ ಹುಡುಗ ಅವರಪ್ಪನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು: "ಯಪ್ಪಾ, ಇವತ್ತ ಕರೆಂಟ್ ಯಾವಾಗ ಹೋಗತೈತಿ?" ಅವನಿಗೆ ಕತ್ತಲೆ ಬೇಕಾಗಿರಲಿಲ್ಲ, ಅಪ್ಪ ಬೇಕಾಗಿದ್ದ. ಲೈನಿನಲ್ಲಿ ಏನಾದರೂ ಕೆಟ್ಟರೆ ಮಾತ್ರ ಅಪ್ಪ ಸಿಗುತ್ತಾನೆ ಎಂದು ಆ ಮಗು ಲೆಕ್ಕ ಹಾಕಿಕೊಂಡಿತ್ತು.

ಆ ಮನೆಯವರು ಈಗ ಸಂಜೆ ಏಳಕ್ಕೆ ಅರ್ಧ ತಾಸು ತಾವಾಗಿ ಮಗ್ಗ ನಿಲ್ಲಿಸುತ್ತಾರೆ. ಮಳೆಗಾಲ ಬೇಸಿಗೆ ಎನ್ನದೆ, ಆರ್ಡರ್ ಎಷ್ಟೇ ಇದ್ದರೂ. ಖಾಲಿ ಕಂಡಿಕೆಗಳನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ಒಡೆದು ಕವಡೆ ಮಾಡಿಕೊಂಡು ಆಡುತ್ತಾರೆ. ಸೋತವರು ಮರುದಿನದ ನೀರು ತುಂಬಬೇಕು. ಆ ಮನೆಯ ಸೊಸೆಯನ್ನು ನಾನು ಕೇಳಿದೆ, ನಷ್ಟ ಆಗುವುದಿಲ್ಲೇನು ಎಂದು. "ಅರ್ಧ ತಾಸಿನ್ಯಾಗ ಎಷ್ಟ ಸೀರಿ ಹಿಂದ ಬೀಳತೈತಿ ಅನ್ನೂದು ನನಗೂ ಗೊತ್ತೈತ್ರಿ ಅಕ್ಕಾರ. ಅದನ್ನ ಕಿರಾಣಿ ಖರ್ಚಿನ್ಯಾಗ ಹಿಡದೀನಿ" ಎಂದಳು. ಅಕ್ಕಿ, ಬೇಳೆ, ಎಣ್ಣೆಯ ಸಾಲಿನಲ್ಲಿ ಮಕ್ಕಳ ನಗೆಯನ್ನೂ ಬರೆದಿಟ್ಟುಕೊಂಡ ಆ ಹೆಣ್ಣುಮಗಳ ಮುಂದೆ ನನಗೆ ಮಾತು ಹೊರಡಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆವರಿಗೆ ತಕ್ಕ ಮಜೂರಿ ಸಿಗದ, ಸಾಲ ಕುತ್ತಿಗೆಗೆ ಬಂದ ಮನೆಗೆ ಹೋಗಿ "ಅರ್ಧ ತಾಸು ಮಗ್ಗ ನಿಲ್ಲಿಸಿ ನಗ್ರಿ" ಎನ್ನುವ ಹಕ್ಕು ನನಗೂ ಇಲ್ಲ, ಬೇರೆ ಯಾರಿಗೂ ಇಲ್ಲ. ನೇಯುವವರ ಮನೆಯಲ್ಲಿ ನಲಿವು ಬೇಕೆನ್ನುವವರು ಮೊದಲು ನೇಯ್ಗೆಗೆ ನ್ಯಾಯವಾದ ಬೆಲೆ ಕೊಡಬೇಕು. ಸೀರೆ ಕೊಳ್ಳುವಾಗ ಅಂಗಡಿಯ ಗಾದಿಯ ಮೇಲೆ ಕುಳಿತು ಚೌಕಾಸಿ ಮಾಡುವ ನಾವೆಲ್ಲ ಇದರಲ್ಲಿ ಪಾಲುದಾರರು. ಸಾಲ ಮಾಡಿ ಹಬ್ಬ ಮಾಡುವುದನ್ನೂ ನಾನು ಹೊಗಳುತ್ತಿಲ್ಲ. ಹುಣಸೆ ಬೀಜಕ್ಕೆ ದುಡ್ಡು ಬೀಳುವುದಿಲ್ಲ, ಕೊಬ್ಬರಿ ಬಟ್ಟಲಿನ ಆಟ ಮುಗಿದ ಮೇಲೆ ಕೊಬ್ಬರಿಯನ್ನು ತಿನ್ನಬಹುದು. ನಮ್ಮ ಹಳೆಯ ಆಟಗಳೆಲ್ಲ ಬಡವರೇ ಕಟ್ಟಿದವು.

ಮೆಚ್ಚುಗೆಯ ಮಾತಿಗೂ ದುಡ್ಡು ಬೀಳುವುದಿಲ್ಲ. ನೇಕಾರರಲ್ಲಿ ಅನೇಕರು ತಮ್ಮ ಹಿರಿಯನೆಂದು ನೆನೆಯುವ ದೇವರ ದಾಸಿಮಯ್ಯ ಮುದನೂರಿನವನು. ಅವನ ಮಡದಿ ದುಗ್ಗಳೆ. ತನ್ನ ಒಂದು ವಚನದಲ್ಲಿ ಅವನು ಹೆಂಡತಿಯ ಹೆಸರು ಹಿಡಿದೇ, ಅವಳು ಮನೆಗೆ ಬಂದದ್ದರಿಂದ ತನ್ನ ಬಾಳು ಬಾಳಾಯಿತು ಎಂಬರ್ಥದಲ್ಲಿ ಹೇಳಿಕೊಂಡಿದ್ದಾನೆ. ಎಷ್ಟು ನೂರು ವರ್ಷದ ಹಿಂದೆ! ಬಂದವರನ್ನು ನೋಡಿಕೊಂಡು, ಇದ್ದದ್ದರಲ್ಲಿ ಸಂಸಾರ ತೂಗಿಸಿದ ಹೆಣ್ಣಿನ ಹೆಸರನ್ನು ಊರಿಗೆಲ್ಲ ಕೇಳುವಂತೆ ಹೇಳಿದ ಗಂಡಸು ಅವನು. ನಮ್ಮ ಕಡೆಯ ಗಂಡಸರಿಗೆ ಅಡುಗೆಯಲ್ಲಿ ಉಪ್ಪು ಹೆಚ್ಚಾದದ್ದು ಬೇಗ ತಿಳಿಯುತ್ತದೆ, ಚೆನ್ನಾದದ್ದು ಬಾಯಿಗೆ ಬರುವುದಿಲ್ಲ. "ಇವತ್ತ ಪಲ್ಯ ಭಾಳ ಚಲೋ ಆಗೇತಿ" ಎಂಬ ಮಾತು ಕೇಳಿದ ದಿನ ನಮ್ಮ ಅವ್ವನ ಮುಖ ಹೇಗಿರುತ್ತಿತ್ತು ಎಂಬುದು ನನಗೆ ಇಂದಿಗೂ ನೆನಪಿದೆ. ಅಂಥ ಒಂದು ಮಾತಿಗೆ ಮಗ್ಗ ನಿಲ್ಲಿಸುವುದೂ ಬೇಕಿಲ್ಲ.

ಮಕ್ಕಳ ವಿಷಯದಲ್ಲಿ ಗದಗಿನ ಒಂದು ಮನೆಯ ಕಥೆ ಹೇಳುತ್ತೇನೆ. ಅಲ್ಲಿ ಗುರುರಾಜ ಜೋಶಿ ಎಂಬ ಶಾಲಾ ಮಾಸ್ತರರು ಇದ್ದರು. ಅವರ ಮಗ ಚಿಕ್ಕವನಿದ್ದಾಗ ಬೀದಿಯಲ್ಲಿ ಭಜನೆ, ಬ್ಯಾಂಡು, ಮೆರವಣಿಗೆ ಏನು ಹೋದರೂ ಹಿಂದೆಯೇ ಹೋಗಿಬಿಡುತ್ತಿದ್ದ. ದಣಿದಾಗ ಎಲ್ಲೋ ಮಲಗುತ್ತಿದ್ದ. ಮನೆಯವರು ಹುಡುಕಿ ಹುಡುಕಿ ಸೋತರು. ಕೊನೆಗೆ ತಂದೆ ಹುಡುಗನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆದುಬಿಟ್ಟರಂತೆ, ಸಿಕ್ಕವರು ಮನೆಗೆ ತಂದು ಬಿಡಲಿ ಎಂದು. ಆ ಹುಡುಗನೇ ಮುಂದೆ ಪಂಡಿತ ಭೀಮಸೇನ ಜೋಶಿ, 2008ರಲ್ಲಿ ಭಾರತರತ್ನಕ್ಕೆ ಆಯ್ಕೆಯಾದವರು. ತಂದೆ ಕದ ಹಾಕಿ ಕೂಡಿಹಾಕಬಹುದಿತ್ತು. ಅವರು ಮಗನ ಹುಚ್ಚಿಗೆ ದಾರಿ ಬಿಟ್ಟು, ಅವನು ಮನೆಗೆ ಮರಳುವುದಕ್ಕೆ ಮಾತ್ರ ಒಂದು ಏರ್ಪಾಡು ಮಾಡಿದರು. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುವ ಇಂದಿನ ಮಕ್ಕಳ ತಂದೆತಾಯಿಗಳಿಗೆ ನಾನು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇನೆ. ಎಲ್ಲ ಮಕ್ಕಳೂ ಭೀಮಸೇನರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೆರವಣಿಗೆಯ ಹಿಂದೆ ನಾಲ್ಕು ಹೆಜ್ಜೆ ಹೋದ ಸುಖ ಎಲ್ಲ ಮಕ್ಕಳದೂ ಆಗಬೇಕು.

ದುಃಖ ಇದ್ದ ಮನೆಗೆ ಈ ಮಾತು ಹೇಗೆ ಒಗ್ಗೀತು ಎಂದು ಕೇಳುವವರಿದ್ದಾರೆ. ಅಂಥವರಿಗೆ ನಾನು ವರಕವಿ ಬೇಂದ್ರೆಯವರ ಮಾತು ಹೇಳುತ್ತೇನೆ, ಅವರ ಹಿರಿಯರು ನಮ್ಮ ಪಕ್ಕದ ಶಿರಹಟ್ಟಿಯವರು. ಹಡೆದ ಮಕ್ಕಳಲ್ಲಿ ಹಲವರನ್ನು ಕಣ್ಣ ಮುಂದೆ ಕಳೆದುಕೊಂಡ ತಂದೆ ಅವರು. ಅದೇ ಬೇಂದ್ರೆಯವರು 'ಸಖೀಗೀತ'ದಲ್ಲಿ ದಾಂಪತ್ಯದ ಸುಖವನ್ನೂ ದುಃಖವನ್ನೂ ಜೊತೆಗೇ ಹಾಡಿದರು. ಒಂದನ್ನು ಮರೆತು ಇನ್ನೊಂದನ್ನು ಹೇಳಲಿಲ್ಲ. ನಮ್ಮ ಊರುಗಳಲ್ಲೂ ಸಾವಾದ ಮನೆಯವರು ಹಬ್ಬದ ಅಡುಗೆಗೆ ಕೈ ಹಾಕುವುದಿಲ್ಲ. ಆಗ ಬೀಗರು ಬಿಜ್ಜರು, ನೆರೆಯವರು, ತಾವೇ ಮಾಡಿಕೊಂಡು ಬರುತ್ತಾರೆ. ಎದುರಿಗೆ ಕುಳಿತು, "ಒಂದ ತುತ್ತರ ಉಣ್ರಿ" ಎಂದು ಉಣಿಸಿ ಹೋಗುತ್ತಾರೆ. ತಮಗಾಗಿ ನಲಿವಿಗೆ ಜಾಗ ಮಾಡಿಕೊಳ್ಳಲಾರದವರಿಗೆ ಬೇರೆಯವರು ಬಂದು ಮಾಡಿಕೊಡುವ ಈ ಪದ್ಧತಿಯನ್ನು ನಾವು ಬಿಡಬಾರದು.

ಇನ್ನು ಮನೆಯವರೆಲ್ಲ ಕೂಡಿ ಹೊರಗೆ ಹೋಗಬೇಕೆಂದರೆ ಬಹಳ ದೂರ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ನೋಡಿದರೆ ಗುರುತು ಹತ್ತುತ್ತದೆ. 2024ರಲ್ಲಿ ಆ ಕೆರೆ ಜಗತ್ತಿನ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಅಷ್ಟು ದೂರದಿಂದ ಹಕ್ಕಿ ನಮ್ಮ ಕೆರೆ ಹುಡುಕಿಕೊಂಡು ಬರುತ್ತದೆ. ಪಕ್ಕದ ಊರಿನಲ್ಲಿದ್ದೂ ಮಕ್ಕಳಿಗೆ ಅದನ್ನು ತೋರಿಸದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಒಂದು ಬೆಳಗು, ಒಂದು ಬುತ್ತಿ ಸಾಕು.

ಮತ್ತೆ ಎಳ್ಳಮಾಸಿಯ ಮಾತಿಗೆ ಬರುತ್ತೇನೆ. ಅದಕ್ಕೆಂದು ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡನ್ನು ನಿಮಗೂ ಹೇಳುತ್ತೇನೆ, ಸರಿ ಕಂಡರೆ ಮಾಡಿರಿ. ಹಬ್ಬ ಎಂದರೆ ಹೆಂಗಸರಿಗೆ ಮೂರು ದಿನದ ಗೇಯ್ಮೆ ಎಂಬಂತಾಗಬಾರದು. ಸಜ್ಜಿ ರೊಟ್ಟಿಯನ್ನು ಎರಡು ದಿನ ಮೊದಲೇ ಬಡಿದು ಒಣಗಿಸಿಟ್ಟರೆ ಕಟಕಟಿಯಾಗಿ ಇನ್ನೂ ರುಚಿಯಾಗುತ್ತದೆ. ಆಗದಿದ್ದರೆ ರೊಟ್ಟಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಈಗ ಎಲ್ಲ ಊರಲ್ಲೂ ಇದ್ದಾರೆ, ಅವರಿಂದ ಕೊಳ್ಳಿರಿ, ಅವರಿಗೂ ಹಬ್ಬವಾಗುತ್ತದೆ. ಶೇಂಗಾ ಹೋಳಿಗೆ, ಚಟ್ನಿಪುಡಿ ಕೆಡುವ ಪದಾರ್ಥಗಳಲ್ಲ, ಅವೂ ಮೊದಲೇ ಆಗಲಿ. ಶೇಂಗಾ ಹುರಿದು ಸಿಪ್ಪೆ ತೆಗೆಯುವುದು, ಎಳ್ಳು ಹಸನು ಮಾಡುವುದು ಹುಡುಗರಿಗೆ ಬರುತ್ತದೆ. ಬುಟ್ಟಿ ಹೊರುವುದು, ಹೊಲದಲ್ಲಿ ಜಾಗ ಹಸನು ಮಾಡಿ ಜಮಖಾನೆ ಹಾಸುವುದು, ಉಂಡಾದ ಮೇಲೆ ಪಾತ್ರೆ ತಿಕ್ಕುವುದು ಗಂಡಸರ ಪಾಲು. ಬಡಿಸುವವರು ಮಕ್ಕಳು. ಮೊದಲ ಪಂಕ್ತಿಗೆ ಅಮ್ಮಂದಿರು, ಅತ್ತೆಯರು, ಸೊಸೆಯರು ಕೂಡಲಿ. ಹೊಲವಿದ್ದವರು ಹೊಲವಿಲ್ಲದವರನ್ನು ಹಿಂದಿನ ದಿನವೇ ಹೋಗಿ ಕರೆದು ಬನ್ನಿ. ಮಗ್ಗದ ಮನೆಯವರು ಓಣಿಯವರೆಲ್ಲ ಮಾತಾಡಿಕೊಂಡು ಒಟ್ಟಿಗೇ ಸ್ವಿಚ್ ತೆಗೆಯಿರಿ. ಒಬ್ಬರ ಮಗ್ಗ ನಡೆಯುತ್ತಿದ್ದರೆ ಇನ್ನೊಬ್ಬರಿಗೆ ಹೊಲದಲ್ಲಿ ಕುಳಿತರೂ ಮನಸ್ಸು ನಿಲ್ಲುವುದಿಲ್ಲ.